ನಿಗದಿ ತಪ್ಪು ಅಂತ ಒಪ್ಪಿದೆ, ವಸೂಲಿ ಒಪ್ಪಲಿಲ್ಲ

ನಿವೃತ್ತಿಯಾಗಿ ಮೂರನೇ ತಿಂಗಳು. ಪಿಂಚಣಿ ಕಡತ ಎ.ಜಿ. (ಮಹಾಲೇಖಪಾಲರ) ಕಚೇರಿಯಿಂದ ಆಕ್ಷೇಪಣೆ ಹೊತ್ತು ವಾಪಸ್ ಬಂತು. ಅದರ ಬೆನ್ನಿಗೇ ನಮ್ಮ ಕಚೇರಿಯ ಆದೇಶ: 11 ವರ್ಷದ ಹಿಂದೆ ಪ್ರಥಮ ದರ್ಜೆ ಸಹಾಯಕನಾಗಿ ಬಡ್ತಿ ಸಿಕ್ಕಾಗ ವೇತನ ನಿಗದಿಯಲ್ಲಿ ಒಂದು ಇನ್‌ಕ್ರಿಮೆಂಟ್ ಹೆಚ್ಚಾಗಿದೆ, 1,86,400 ರೂಪಾಯಿ ಉಪದಾನದಲ್ಲಿ (ಗ್ರಾಚ್ಯುಟಿಯಲ್ಲಿ) ಮುರಿದುಕೊಳ್ಳಲಾಗುವುದು. ಮುಂಚೆ ನೋಟಿಸಿಲ್ಲ, ಲೆಕ್ಕದ ಹಾಳೆಯೂ ಇಲ್ಲ. ಬಾಕಿ ಏನೂ ಇಲ್ಲ ಅಂತ ಬೇಬಾಕಿ ಪತ್ರ ಕೊಟ್ಟ ಕೈಯೇ ಇದಕ್ಕೂ ಸಹಿ ಹಾಕಿತ್ತು.

ಎರಡು ದಿನ ನಾನೂ ಎಲ್ಲರ ಹಾಗೆ ನಿಗದಿ ಸರಿಯಿತ್ತು ಅಂತ ಸಾಧಿಸಲು ಕೂತೆ. ಕೆ.ಸಿ.ಎಸ್.ಆರ್. (ಕರ್ನಾಟಕ ನಾಗರಿಕ ಸೇವಾ ನಿಯಮಗಳು) ತಿರುವಿದಷ್ಟೂ ಎ.ಜಿ.ಯವರ ಮಾತೇ ನಿಜ ಅನ್ನಿಸಿತು. ಆ ವಾದ ಅಲ್ಲಿಗೇ ಬಿಟ್ಟೆ. ಪಿಂಚಣಿ ಸರಿಯಾದ ಮೂಲ ವೇತನದ ಮೇಲೆ ಆಗಲಿ, ತಕರಾರಿಲ್ಲ. ಉಂಡು ಮುಗಿದ ಸಂಬಳ ವಾಪಸ್ ಕೇಳಬೇಡಿ. ಇಷ್ಟನ್ನೇ ಹಿಡಿದುಕೊಂಡೆ.

10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಸೇವಾ ಪುಸ್ತಕದ ದೃಢೀಕೃತ ನಕಲು ತರಿಸಿದೆ. ವೇತನ ನಿಗದಿಯ ತಃಖ್ತೆ (ಲೆಕ್ಕದ ಪಟ್ಟಿ) ಕಚೇರಿಯ ವಿಷಯ ನಿರ್ವಾಹಕರ ಅಕ್ಷರದಲ್ಲಿತ್ತು, ಕೆಳಗೆ ಮೇಲಧಿಕಾರಿಯ ಸಹಿ, ಮೊಹರು. ನನ್ನ ಪೆನ್ನಿನ ಒಂದು ಗೀರೂ ಇಲ್ಲ. ಸುಳ್ಳು ಹೇಳಿಯೋ ಮುಚ್ಚಿಟ್ಟೋ ಪಡೆದದ್ದಲ್ಲ ಅನ್ನಲು ಆ ಪುಟವೇ ಸಾಕ್ಷಿಯಾಯಿತು.

ಆಧಾರ ಸುಪ್ರೀಂ ಕೋರ್ಟಿನ ರಫೀಕ್ ಮಸೀಹ್ ತೀರ್ಪು, 2014ರ ಡಿಸೆಂಬರ್ 18ರದ್ದು. ವಸೂಲಿ ಕೂಡದ ಐದು ಸಂದರ್ಭ ಅದರಲ್ಲಿವೆ. ಮೂರು ನನಗೇ ಹೊಂದುತ್ತಿದ್ದವು: ಗ್ರೂಪ್ ಸಿ ನೌಕರ, ನಿವೃತ್ತ, ಆದೇಶಕ್ಕೆ ಮೊದಲು ಐದು ವರ್ಷಕ್ಕೂ ಮೀರಿ ನಡೆದ ಪಾವತಿ. ಕೇರಳದ ಶಿಕ್ಷಕರೊಬ್ಬರ ಥಾಮಸ್ ಡೇನಿಯಲ್ ಪ್ರಕರಣವನ್ನೂ (2022) ಜೊತೆಗಿಟ್ಟೆ. ಇದು ನೌಕರನ ಹಕ್ಕಲ್ಲ, ಕಷ್ಟ ನೋಡಿ ನ್ಯಾಯಾಲಯ ಕೊಡುವ ಪರಿಹಾರ ಅಂತ ಅದರಲ್ಲೇ ಇದೆ. ಹಾಗಾಗಿ ಕಚೇರಿಗೆ ಬರೆದ ಮನವಿಯಲ್ಲಿ ದನಿ ಏರಿಸಲಿಲ್ಲ. ಮಗಳ ಮದುವೆ ಸಾಲ, ಔಷಧಿ ಖರ್ಚು ಎಲ್ಲ ಲೆಕ್ಕ ಸಮೇತ ಬರೆದೆ.

ನಿದ್ದೆ ಕೆಡಿಸಿದ್ದು ಮುಚ್ಚಳಿಕೆ. ವೇತನ ಪರಿಷ್ಕರಣೆ ಬಂದಾಗ ಆಯ್ಕೆ ನಮೂನೆಯ ಜೊತೆ, ಹೆಚ್ಚು ಪಾವತಿಯಾದರೆ ಹಿಂದಿರುಗಿಸುತ್ತೇನೆ ಅಂತ ಓದದೇ ಸಹಿ ಹಾಕಿದ್ದೆ. (ಯಾರು ಓದುತ್ತಾರೆ?) ಅಂಥ ಮುಚ್ಚಳಿಕೆ ಕೊಟ್ಟವರು ಅದಕ್ಕೆ ಬದ್ಧರು ಅಂತ 2016ರ ಜಗದೇವ್ ಸಿಂಗ್ ತೀರ್ಪು ಹೇಳುತ್ತದೆ. ಕಚೇರಿಯವರು ಇದನ್ನು ಎತ್ತುವ ಮೊದಲೇ ಮನವಿಯಲ್ಲಿ ನಾನೇ ಎತ್ತಿದೆ: ಅಲ್ಲಿದ್ದವರು ನ್ಯಾಯಾಂಗ ಅಧಿಕಾರಿ, ನಾನು ಗುಮಾಸ್ತ, ನನ್ನ ಮುಚ್ಚಳಿಕೆ ಪರಿಷ್ಕರಣೆಗೆ ಕೊಟ್ಟದ್ದು, ತಪ್ಪಾದದ್ದು ಬಡ್ತಿಯ ನಿಗದಿಯಲ್ಲಿ.

ಮನವಿಗೆ ಉತ್ತರವೇ ಬರಲಿಲ್ಲ. ಕೆ.ಎಸ್.ಎ.ಟಿ.ಗೆ (ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ) ಒಂದು ವರ್ಷದೊಳಗೆ ಹೋಗಬೇಕು. ಏಳನೇ ತಿಂಗಳಲ್ಲಿ ಹೋದೆ. ವಕೀಲರು ನನ್ನ ಮನವಿಯನ್ನೇ ಅರ್ಜಿಯಾಗಿ ತಿದ್ದಿದರು. ವಸೂಲಿ ಆದೇಶ ರದ್ದಾಯಿತು, ತಡೆಹಿಡಿದ ಉಪದಾನ ಕೈಸೇರಿತು. ಪಿಂಚಣಿ ಮಾತ್ರ ಒಂದು ಇನ್‌ಕ್ರಿಮೆಂಟ್ ಕಡಿಮೆಯಲ್ಲೇ ನಿಂತಿತು. ಅದನ್ನು ನಾನು ಕೇಳಿಯೂ ಇರಲಿಲ್ಲ.