ರಗಡಾ ಬಿಟ್ಟು ಫಾರ್ಮ್ 700 ಹಿಡಿದೆ: ತೆಂಗಿನ ತೋಟದಲ್ಲಿ ವಾಯುಸೇನೆ ಮಾದರಿಯ ವಸತಿ ಶಾಲೆ

ಕಳೆದ ಮಾರ್ಚ್‌ನಲ್ಲಿ ಶಾಲೆಗೆ ತೆಗೆದ ಬ್ಯಾಂಕ್ ಸಾಲದ ಕೊನೆಯ ಕಂತು ಕಟ್ಟಿದೆ. ಅವತ್ತೇ ಇದನ್ನು ಬರೆಯಬೇಕು ಅಂದುಕೊಂಡಿದ್ದೆ, ಅಡ್ಮಿಷನ್ ಗಲಾಟೆಯಲ್ಲಿ ಆಗಲಿಲ್ಲ. ಸೇನೆಯಿಂದ ಬಂದು ಹಾಸ್ಟೆಲ್ ಸ್ಕೂಲ್, ಸೈನಿಕ ಶಾಲೆ ಕೋಚಿಂಗ್ ನಡೆಸುವವರು ನಮ್ಮಲ್ಲಿ ಬಹಳ ಜನ ಇದ್ದೀರಿ. ಬಿಇಒ ಆಫೀಸು, ಮಾನ್ಯತೆ ಫೈಲು, ಫೈರ್ ಎನ್‌ಒಸಿ, ಭೂಪರಿವರ್ತನೆ ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬರೆಯುವುದಿಲ್ಲ. ನಾನು ಎಲ್ಲಿ ಎಡವಿದೆ, ದುಡ್ಡು ಎಲ್ಲಿ ಹೋಯಿತು, ಕೊನೆಗೆ ಯಾವುದು ಕೈ ಹಿಡಿಯಿತು, ಅಷ್ಟನ್ನು ಹೇಳುತ್ತೇನೆ.

ನಾನು ಪೈಲಟ್ ಅಲ್ಲ. ಏರ್‌ಫ್ರೇಮ್ ಫಿಟ್ಟರ್, ಅಂದರೆ ವಿಮಾನದ ಒಡಲು, ರೆಕ್ಕೆ ನೋಡಿಕೊಳ್ಳುವ ಮೆಕ್ಯಾನಿಕ್. ಬೆಳಗಾವಿಯ ಸಾಂಬ್ರಾದಲ್ಲಿ ಮೊದಲ ತರಬೇತಿ, ಚೆನ್ನೈನ ತಾಂಬರಂನಲ್ಲಿ ಟ್ರೇಡ್ ಕಲಿಕೆ, ಆಮೇಲೆ ಬೀದರ್‌ನಲ್ಲಿ ಕಿರಣ್ ತರಬೇತಿ ವಿಮಾನಗಳ ಮೇಲೆ ವರ್ಷಾನುಗಟ್ಟಲೆ ಕೆಲಸ. ಇಪ್ಪತ್ತು ವರ್ಷ ಮುಗಿಸಿ 2015ರಲ್ಲಿ ಊರಿಗೆ ಬಂದೆ. ತಿಪಟೂರು ಹತ್ತಿರ ಅಪ್ಪನ ನಾಲ್ಕು ಎಕರೆ ತೆಂಗಿನ ತೋಟ ಇತ್ತು. ಹೆಂಡತಿ ಗಣಿತದ ಟೀಚರ್. ವಿಮಾನದ ಹೆಸರಲ್ಲಿ ಶಾಲೆ ಮಾಡುತ್ತೇನೆ ಅಂದಾಗ ಎಲ್ಲರೂ ಒಂದೇ ಮಾತು ಕೇಳಿದರು. "ಪೈಲಟ್ ಆಗಿದ್ರೆ ಸರಿ, ನಟ್ಟು ಬೋಲ್ಟು ತಿರುಗಿಸಿದವನ ಹತ್ರ ಯಾರಪ್ಪ ಮಕ್ಕಳನ್ನ ಬಿಡ್ತಾರೆ?" ಆ ನಟ್ಟು ಬೋಲ್ಟೇ ಶಾಲೆಯನ್ನು ಉಳಿಸಿತು. ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಮೊದಲು ದುಡ್ಡಿನ ವಿಷಯ. ಗ್ರಾಚ್ಯುಯಿಟಿ, ಪಿಎಫ್, ಕಮ್ಯುಟೇಷನ್ (ಪಿಂಚಣಿಯಲ್ಲಿ ಮುಂಚೆಯೇ ಒಟ್ಟಿಗೆ ಪಡೆದ ಭಾಗ) ಎಲ್ಲ ಸೇರಿ ಮೂವತ್ತು ಲಕ್ಷದ ಆಸುಪಾಸು ಇತ್ತು. ಬ್ಯಾಂಕ್ ಸಾಲ ನಲವತ್ತೈದು ಲಕ್ಷ. ಹೆಂಡತಿಯ ಒಡವೆ ಎರಡು ಸಲ ಗಿರವಿಗೆ ಹೋಗಿ ಬಂತು. ಆರು ಕೊಠಡಿ, ಒಂದು ಡಾರ್ಮಿಟರಿ, ಅಡುಗೆಮನೆ, ಶೌಚಾಲಯ ಕಟ್ಟುವಷ್ಟರಲ್ಲಿ ಕೈ ಖಾಲಿ. ಎರಡು ಬೋರ್‌ವೆಲ್ ಫೇಲ್ ಆದವು, ಮೂರನೆಯದರಲ್ಲಿ ಎರಡಿಂಚು ನೀರು ಸಿಕ್ಕಿತು. ಬೋರ್‌ಗೇ ಏಳೆಂಟು ಲಕ್ಷ ಹೋಯಿತು. ನೀರು ಖಾತ್ರಿ ಆಗುವ ಮುಂಚೆ ಡಾರ್ಮಿಟರಿ ಪಾಯ ತೆಗೆಯಬೇಡಿ.

ದೊಡ್ಡ ಪೆಟ್ಟು ಬಿದ್ದದ್ದು ವಿಮಾನದ ಆಸೆಯಿಂದ. ಗೇಟಿನ ಮುಂದೆ ಒಂದು ಹಳೇ ವಿಮಾನ ನಿಲ್ಲಿಸಿದರೆ ಅಡ್ಮಿಷನ್ ತಾನಾಗಿ ಬರುತ್ತೆ ಅಂತ ನಂಬಿದ್ದೆ. ಸ್ಕ್ರ್ಯಾಪ್ ಫ್ಯೂಸಲಾಜ್ (ವಿಮಾನದ ಒಡಲು) ಕೊಡಿಸುತ್ತೇನೆ ಅಂತ ದಲ್ಲಾಳಿಯೊಬ್ಬ ಬಂದ. ಒಂದೂವರೆ ಲಕ್ಷ ಅಡ್ವಾನ್ಸ್ ಕೊಟ್ಟೆ. ವಿಮಾನವೂ ಬರಲಿಲ್ಲ, ಹಣವೂ ಬರಲಿಲ್ಲ. ಸೇವೆಯಿಂದ ನಿವೃತ್ತಿ ಆದ ವಿಮಾನ ಬೇಕಾದರೆ ವಾಯುಸೇನೆಗೇ ನೇರ ಅರ್ಜಿ ಹಾಕಬೇಕು, ಮಧ್ಯದಲ್ಲಿ ಯಾರೂ ಇರುವುದಿಲ್ಲ. ಇಪ್ಪತ್ತು ವರ್ಷ ಒಳಗಿದ್ದ ನನಗೆ ಇದು ಗೊತ್ತಿರಬೇಕಿತ್ತು.

ಸಮವಸ್ತ್ರದಲ್ಲೂ ತಪ್ಪು ಮಾಡಿದೆ. ವಾಯುಸೇನೆಯ ನೀಲಿಯನ್ನೇ ಹೋಲುವ ಬಟ್ಟೆ, ಭುಜದ ಮೇಲೆ ಪಟ್ಟಿ, ಎಲ್ಲ ಹೊಲಿಸಿಬಿಟ್ಟಿದ್ದೆ. ನನ್ನ ಹಳೇ ವಾರಂಟ್ ಆಫೀಸರ್ ಒಬ್ಬರು ಬಂದು ನೋಡಿ, "ಇದನ್ನ ಇವತ್ತೇ ತೆಗೆಸು ಕಣಯ್ಯ, ಸೈನಿಕರಲ್ಲದವರು ಸೈನಿಕರ ಹಾಗೆ ಬಟ್ಟೆ ಹಾಕಿಕೊಂಡು ಓಡಾಡೋದು ಕೇಸಾಗೋ ವಿಷಯ" ಅಂದರು. ಎಪ್ಪತ್ತು ಸಾವಿರದ ಬಟ್ಟೆ ಮೂಲೆ ಸೇರಿತು. ಈಗ ಬೂದು ಬಣ್ಣದ ಅಂಗಿ, ನಮ್ಮದೇ ಬ್ಯಾಡ್ಜು.

2017ರ ಜೂನ್‌ನಲ್ಲಿ ಆರನೇ ಕ್ಲಾಸಿಗೆ ಮೂವತ್ನಾಲ್ಕು ಮಕ್ಕಳು ಸೇರಿದರು. ಡ್ರಿಲ್‌ಗೆ ಭೂಸೇನೆಯಿಂದ ಬಂದ ಒಬ್ಬ ಉಸ್ತಾದರನ್ನು ಇಟ್ಟುಕೊಂಡೆ. ಒಳ್ಳೆಯ ಮನುಷ್ಯ, ದನಿಯೂ ಚೆನ್ನಾಗಿತ್ತು. ಆದರೆ ಅವರಿಗೆ ಗೊತ್ತಿದ್ದದ್ದು ಒಂದೇ ದಾರಿ, ರಗಡಾ, ಅಂದರೆ ಮೈ ದಂಡಿಸುವ ಶಿಕ್ಷೆ. ಹಾಸಿಗೆ ಮಡಿಸದಿದ್ದರೆ ಫ್ರಂಟ್ ರೋಲ್, ಲೇಟಾದರೆ ಗರಸು ಮಣ್ಣಿನ ನೆಲದ ಮೇಲೆ ಮೊಣಕೈಯಲ್ಲಿ ತೆವಳು. ತಂದೆ ತಾಯಿಗಳೂ ಮೊದಲು ಖುಷಿಪಟ್ಟರು. "ಮಿಲಿಟರಿ ಶಿಸ್ತು ಅಂದ್ರೆ ಹಿಂಗಿರ್ಬೇಕು ಸಾರ್" ಅಂದವರಿದ್ದಾರೆ. ನಾನೂ ಸುಮ್ನೆ ಇದ್ದೆ.

ಆಗಸ್ಟ್‌ನಲ್ಲಿ ಒಂದು ರಾತ್ರಿ ಹನ್ನೊಂದು ವರ್ಷದ ಒಬ್ಬ ಹುಡುಗ ಹಾಸಿಗೆಯಲ್ಲಿ ಇರಲಿಲ್ಲ. ಟಾರ್ಚ್ ಹಿಡಿದು ತೋಟ, ಬಾವಿ, ರಸ್ತೆ ಎಲ್ಲ ಹುಡುಕಿದೆವು. ಬೆಳಗಿನ ಜಾವ ನಾಲ್ಕು ಗಂಟೆಗೆ ತಿಪಟೂರು ರೈಲ್ವೆ ಸ್ಟೇಷನ್ ಬೆಂಚಿನ ಮೇಲೆ ಸಿಕ್ಕಿದ. ಹನ್ನೆರಡು ಕಿಲೋಮೀಟರ್ ನಡೆದಿದ್ದ. ಎರಡೂ ಮೊಣಕೈ ಚರ್ಮ ಸುಲಿದಿತ್ತು, ಅಂಗಿಗೆ ಅಂಟಿಕೊಂಡಿತ್ತು. ನಾನೇ ನೀರು ಹಾಕಿ ಹಾಕಿ ಬಿಡಿಸಿದೆ. ಅವನು ಅಳಲಿಲ್ಲ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ. ಅವರಪ್ಪ ಬಂದು ಕರೆದುಕೊಂಡು ಹೋದರು. ದಸರಾ ಹೊತ್ತಿಗೆ ಹನ್ನೊಂದು ಮಕ್ಕಳು ಬಿಟ್ಟು ಹೋದರು.

ದಸರಾ ರಜದಲ್ಲಿ ಖಾಲಿ ಡಾರ್ಮಿಟರಿಯಲ್ಲಿ ಕೂತು ಯೋಚಿಸಿದೆ. ಬೀದರ್‌ನಲ್ಲಿ ನಮ್ಮನ್ನು ಯಾರು ಹೊಡೆಯುತ್ತಿದ್ದರು? ಯಾರೂ ಇಲ್ಲ. ಆದರೂ ಅಲ್ಲಿ ಇದ್ದಷ್ಟು ಶಿಸ್ತು ನಾನು ಬೇರೆಲ್ಲೂ ನೋಡಿಲ್ಲ. ಒಂದು ಸ್ಕ್ರೂ ಡ್ರೈವರ್ ಕಾಣೆಯಾದರೆ ಸಿಗುವ ತನಕ ಆ ವಿಮಾನ ಹಾರುತ್ತಿರಲಿಲ್ಲ. "ಸರ್, ನಾನೇ ಮರೆತೆ" ಅಂತ ಮುಂದೆ ಬಂದವನಿಗೆ ಯಾರೂ ಬೈಯುತ್ತಿರಲಿಲ್ಲ. ಮುಚ್ಚಿಟ್ಟವನಿಗೆ ಮಾತ್ರ ಉಳಿಗಾಲ ಇರಲಿಲ್ಲ. ಕೆಲಸ ಮುಗಿಸಿ ಫಾರ್ಮ್ 700ರಲ್ಲಿ, ಅಂದರೆ ಆ ವಿಮಾನದ ತಪಾಸಣೆ, ದುರಸ್ತಿ ದಾಖಲೆಯಲ್ಲಿ, ಸಹಿ ಹಾಕುತ್ತಿದ್ದೆವು. ಆ ಸಹಿಯನ್ನು ನಂಬಿ ಪೈಲಟ್ ಮೇಲೆ ಹೋಗುತ್ತಿದ್ದ.

ಅದನ್ನೇ ತಂದೆ. ಉಸ್ತಾದರಿಗೆ ಮೂರು ತಿಂಗಳ ಸಂಬಳ ಕೊಟ್ಟು ಗೌರವದಿಂದ ಕಳಿಸಿದೆ. ರಗಡಾ ನಿಲ್ಲಿಸಿದೆ. ಬೆಳಿಗ್ಗೆ ಆರಕ್ಕೆ ಎಫ್‌ಒಡಿ ವಾಕ್ ಶುರು ಮಾಡಿದೆ, ವಿಮಾನಕ್ಕೆ ಹಾನಿ ಮಾಡುವ ಚೂರುಪಾರು ಹೆಕ್ಕಲು ವಾಯುನೆಲೆಯಲ್ಲಿ ನಡೆಯುವ ನಡಿಗೆ ಅದು. ಮಕ್ಕಳು ಒಂದೇ ಸಾಲಿನಲ್ಲಿ, ತೋಳಳತೆ ದೂರದಲ್ಲಿ, ಮೈದಾನದ ಆ ತುದಿಯಿಂದ ಈ ತುದಿಗೆ ನಡೆಯುತ್ತಾರೆ. ಕಲ್ಲು, ಮೊಳೆ, ಗಾಜಿನ ಚೂರು, ಚಾಕೊಲೇಟ್ ಕಾಗದ ಸಿಕ್ಕಿದ್ದನ್ನೆಲ್ಲ ಡಬ್ಬಿಗೆ ಹಾಕುತ್ತಾರೆ. ರನ್‌ವೇ ಮೇಲಿನ ಒಂದು ಕಲ್ಲು ಇಂಜಿನ್ ಒಳಗೆ ಹೋದರೆ ಏನಾಗುತ್ತೆ ಅಂತ ಒಂದೇ ಸಲ ಹೇಳಿದ್ದೆ. ಆಮೇಲೆ ಹೇಳಬೇಕಾಗಲಿಲ್ಲ. ಆಟವಾಡುವಾಗ ಕಾಲಿಗೆ ಗಾಯ ಆಗುವುದು ಅರ್ಧಕ್ಕರ್ಧ ಇಳಿಯಿತು.

ಎರಡನೆಯದು ಶ್ಯಾಡೋ ಬೋರ್ಡ್. ವರ್ಕ್‌ಶಾಪಿನಲ್ಲಿ ಪ್ರತಿ ಉಪಕರಣದ ಆಕಾರವನ್ನು ಹಲಗೆ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದ್ದೇವೆ. ಕತ್ತರಿ ತೆಗೆದುಕೊಂಡವನು ಆ ಜಾಗಕ್ಕೆ ತನ್ನ ನಂಬರಿನ ಬಿಲ್ಲೆ ನೇತು ಹಾಕಬೇಕು. ಅಡುಗೆಮನೆಗೂ ಅದೇ ಮಾಡಿದೆವು. ಅಡುಗೆಯ ಅಮ್ಮ ಮೊದಲು ಗೊಣಗಿದರು, ಈಗ ಸೌಟಿನ ಜಾಗಕ್ಕೆ ಇನ್ಯಾರಾದರೂ ಜರಡಿ ಹಾಕಿದರೆ ಅವರೇ ಜಗಳ ಮಾಡುತ್ತಾರೆ.

ಮೂರನೆಯದು ನಮ್ಮ 700. ಪ್ರತಿ ಮಗುವಿಗೆ ಒಂದು ಉದ್ದ ನೋಟ್‌ಬುಕ್. ಮಂಚ, ಟ್ರಂಕು, ಶೂ, ತಾನು ಮಾಡಿದ ಗ್ಲೈಡರ್, ಎಲ್ಲಕ್ಕೂ ಒಂದೊಂದು ಪುಟ. ಬೆಳಿಗ್ಗೆ ನೋಡಿ ಸಹಿ, ರಾತ್ರಿ ನೋಡಿ ಸಹಿ. ದೋಷ ಇದ್ದರೆ ಬರೆಯಬೇಕು. ಬರೆದರೆ ಶಿಕ್ಷೆ ಇಲ್ಲ. ನೋಡದೆ ಸಹಿ ಹಾಕಿದ್ದು ಗೊತ್ತಾದರೆ ಒಂದು ವಾರ ಸಹಿ ಮಾಡುವ ಹಕ್ಕು ಇಲ್ಲ, ಇನ್ನೊಬ್ಬ ಬಂದು ಅವನ ಮಂಚ ನೋಡಿ ಸಹಿ ಹಾಕುತ್ತಾನೆ. ಆರನೇ ಕ್ಲಾಸಿನ ಹುಡುಗನಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಹೊಡೆಯದೆ ಮಿಲಿಟರಿ ಸ್ಕೂಲ್ ನಡೆಸುತ್ತೀಯಾ ಅಂತ ಕೇಳಿದವರು ಈಗ ಆ ನೋಟ್‌ಬುಕ್ಕಿನ ಫೋಟೋ ಹೊಡೆದುಕೊಂಡು ಹೋಗುತ್ತಿದ್ದಾರೆ.

ಎರಡು ವರ್ಷದ ಹಿಂದೆ ಒಂದು ಭಾನುವಾರ ಪೋಷಕರ ದಿನ ಇತ್ತು. ಗ್ಲೈಡರ್ ಹಾರಿಸಬೇಕು, ಇನ್ನೂರು ಜನ ಕೂತಿದ್ದಾರೆ. ಒಬ್ಬ ಹುಡುಗ ಗ್ಲೈಡರ್ ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದ. "ಸರ್, ರೆಕ್ಕೆ ಬುಡದಲ್ಲಿ ಬಿರುಕು ಇದೆ. ನಾನು ಸಹಿ ಹಾಕಲ್ಲ." ಬೆರಳಿನಿಂದ ಒತ್ತಿ ತೋರಿಸಿದ, ಕೂದಲೆಳೆಯಷ್ಟು ಬಿರುಕು. ಅವರ ತಾತ ಮುಂದಿನ ಸಾಲಿನಲ್ಲೇ ಕಾಯುತ್ತಿದ್ದರು. "ಸರಿ ಮರಿ, ಇವತ್ತು ಬೇಡ" ಅಂದೆ. ಮೈಕಿನಲ್ಲಿ ಕಾರಣ ಹೇಳಿದೆ. ಅವತ್ತು ಸಂಜೆ ಮೂರು ಪೋಷಕರು ತಮ್ಮ ಎರಡನೇ ಮಗುವಿನ ಅಡ್ಮಿಷನ್ ಕೇಳಿದರು.

ಗ್ಲೈಡರ್ ಬಗ್ಗೆ ಎರಡು ಮಾತು. ಬಾಲ್ಸಾ ಅನ್ನುವ ಹಗುರ ಮರ ಮಕ್ಕಳ ಕೈಗೆ ದುಬಾರಿ. ನಾವು ಐದು ಎಂಎಂ ಥರ್ಮೋಕೋಲ್ ಹಾಳೆಗೆ ಬಂದೆವು. ಮೊದಲ ಬ್ಯಾಚಿನಲ್ಲಿ ನಲವತ್ತು ಗ್ಲೈಡರ್ ಹಾಳಾದವು, ಅಂಗಡಿಯವನು ಕೊಟ್ಟ ರಬ್ಬರ್ ಗಮ್ ಥರ್ಮೋಕೋಲನ್ನೇ ತಿಂದುಬಿಟ್ಟಿತು. ಬಿಳಿ ಫೆವಿಕಾಲ್ ಹಾಕಿ ಒಂದು ರಾತ್ರಿ ಬಿಡಿ, ಸಾಕು. ಮೂತಿಗೆ ಜೇಡಿಮಣ್ಣು. ರೆಕ್ಕೆಯ ಮುಂದಿನ ಅಂಚಿನಿಂದ ಕಾಲು ಭಾಗ ದಾಟಿ, ಮೂರನೇ ಒಂದು ಭಾಗದೊಳಗೆ ಬೆರಳಿಟ್ಟರೆ ಸಮವಾಗಿ ನಿಲ್ಲಬೇಕು. ನಮ್ಮ ಗ್ಲೈಡರ್ ಹದಿನೇಳು ಸೆಕೆಂಡ್ ಗಾಳಿಯಲ್ಲಿ ಇರುತ್ತದೆ. ಅಕ್ಕಪಕ್ಕದ ಶಾಲೆಯವರದು ಎಂಟು ದಾಟಿಲ್ಲ. ರೆಕ್ಕೆಯ ತುದಿಗೆ ನಾವು ಒಂದು ಕೆಲಸ ಮಾಡುತ್ತೇವೆ, ಅದನ್ನು ಇಲ್ಲಿ ಹೇಳುವುದಿಲ್ಲ. ಮಕ್ಕಳು ಕಂಡುಹಿಡಿದದ್ದು, ಅವರ ಸ್ವತ್ತು.

ವಿಮಾನದ ಬದಲು ಪ್ಲೈವುಡ್ ಕಾಕ್‌ಪಿಟ್ ಮಾಡಿಸಿದೆವು. ಗುಜರಿಯಿಂದ ಮಾರುತಿ 800ರ ಸೀಟು, ಪೆಡಲ್‌ಗೆ ಸೈಕಲ್ ಬ್ರೇಕ್ ಕೇಬಲ್, ಒಂದು ಹಳೇ ಕಂಪ್ಯೂಟರ್, ಅದರಲ್ಲಿ ಉಚಿತವಾಗಿ ಸಿಗುವ ಫ್ಲೈಟ್‌ಗಿಯರ್ ಅನ್ನುವ ವಿಮಾನ ಹಾರಿಸುವ ಸಾಫ್ಟ್‌ವೇರ್. ಒಟ್ಟು ನಲವತ್ತು ಸಾವಿರ ದಾಟಿಲ್ಲ. ದಲ್ಲಾಳಿಗೆ ಕೊಟ್ಟ ಹಣದಲ್ಲಿ ಇಂಥ ಮೂರು ಆಗುತ್ತಿದ್ದವು.

ಇದೆಲ್ಲದಕ್ಕಿಂತ ಅಗ್ಗವಾಗಿ, ಜಾಸ್ತಿ ಕಲಿಸಿದ್ದು ಹವಾಮಾನ ಡೈರಿ. ಹರಿದ ಸೀರೆಯಿಂದ ಗಾಳಿಚೀಲ ಹೊಲಿದು ತೆಂಗಿನ ಮರಕ್ಕಿಂತ ಎತ್ತರದ ಕಂಬಕ್ಕೆ ಕಟ್ಟಿದೆವು. ದಿನಕ್ಕೆರಡು ಸಲ ಮಕ್ಕಳು ಮೆಟಾರ್, ಅಂದರೆ ವಿಮಾನ ನಿಲ್ದಾಣದ ಮಾದರಿಯ ಹವಾಮಾನ ವರದಿ, ಬರೆಯುತ್ತಾರೆ. ಗಾಳಿಯ ದಿಕ್ಕು, ಮೋಡ, ಉಷ್ಣತೆ, ಒತ್ತಡ. ಬೆಂಗಳೂರು ವಿಮಾನ ನಿಲ್ದಾಣದ ಮೆಟಾರ್ ಜೊತೆ ಹೋಲಿಸುತ್ತಾರೆ. ಒಂದು ದಿನ ಒಬ್ಬ ಓಡಿ ಬಂದು, ಬೆಂಗಳೂರಿನವರ ಒತ್ತಡ 1015, ನಮ್ಮ ಫೋನಿನಲ್ಲಿ 916, ಫೋನ್ ಕೆಟ್ಟಿದೆ ಸರ್ ಅಂದ. ಕೆಟ್ಟಿಲ್ಲ ಕಣೋ, ಅವರದು ಸಮುದ್ರ ಮಟ್ಟಕ್ಕೆ ಇಳಿಸಿದ ಲೆಕ್ಕ, ನಮ್ಮದು ಇಲ್ಲಿಯದೇ ಅಂದೆ. ಒತ್ತಡದ ಅಳತೆ ಹೆಕ್ಟೊಪ್ಯಾಸ್ಕಲ್, ಅದು ಒಂದು ಇಳಿದರೆ ಮೂವತ್ತು ಅಡಿ ಎತ್ತರ ಅಂತ ಹಿಡಿ. ಎರಡರ ವ್ಯತ್ಯಾಸ ತೊಂಬತ್ತೊಂಬತ್ತು, ಇಂಟು ಮೂವತ್ತು, 2,970 ಅಡಿ, ಸುಮಾರು 905 ಮೀಟರ್. ನಮ್ಮ ಶಾಲೆ ಇಷ್ಟು ಎತ್ತರದಲ್ಲಿದೆ ಅಂದ ಕೂಡಲೇ ಮಕ್ಕಳಿಗೆ ಪರೀಕ್ಷೆ ಮಾಡಬೇಕಲ್ವಾ? ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಿನ ಕೆಳಗೆ ಸಮುದ್ರ ಮಟ್ಟದಿಂದ ಎತ್ತರ ಬರೆದಿರುತ್ತಾರೆ. ವ್ಯಾನಿನಲ್ಲಿ ಹೋಗಿ ನೋಡಿದೆವು. ನಮ್ಮ ಲೆಕ್ಕ ನಲವತ್ತು ಚಿಲ್ಲರೆ ಮೀಟರ್ ಜಾಸ್ತಿ ಬಂದಿತ್ತು. ಯಾಕೆ ಅಂತ ಎರಡು ದಿನ ಜಗಳ. ಕೊನೆಗೆ ಹೆಂಡತಿ ಕೂರಿಸಿಕೊಂಡು ಹೇಳಿಕೊಟ್ಟಳು, ಮೂವತ್ತು ಅನ್ನುವುದು ದುಂಡು ಲೆಕ್ಕ, ಸಮುದ್ರ ಮಟ್ಟದ ಹತ್ತಿರ ಅದು ಇಪ್ಪತ್ತೇಳರ ಸುಮಾರು, ಮೇಲೆ ಹೋದಂತೆ ಹೆಚ್ಚುತ್ತದೆ ಅಂತ. ಓಡಿಹೋದ ಹುಡುಗ ಸಿಕ್ಕಿದ್ದ ಬೆಂಚು ಆ ಬೋರ್ಡಿಗೆ ಹತ್ತು ಹೆಜ್ಜೆ ದೂರದಲ್ಲಿದೆ. ನಾನು ಅವತ್ತು ಅಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ.

ಒಂದು ಎಚ್ಚರಿಕೆ. ಎಲ್ಲರಿಗೂ ಪೈಲಟ್ ಆಸೆ ಹುಟ್ಟಿಸಬೇಡಿ. ಬಣ್ಣದ ದೃಷ್ಟಿಯ ಇಶಿಹಾರಾ ಪರೀಕ್ಷೆಯನ್ನು ನಾವು ಮಕ್ಕಳು ಸೇರಿದ ವರ್ಷವೇ ಕಣ್ಣಿನ ಡಾಕ್ಟರ ಹತ್ತಿರ ಮಾಡಿಸುತ್ತೇವೆ. ಪೈಲಟ್ ಆಗಲು ಎತ್ತರ ಕನಿಷ್ಠ 162.5 ಸೆಂಟಿಮೀಟರ್, ಕಾಲಿನ ಉದ್ದ 99ರಿಂದ 120 ಇರಬೇಕು ಅನ್ನುವುದನ್ನೂ ಹೈಸ್ಕೂಲಿನಲ್ಲೇ ಹೇಳುತ್ತೇವೆ. ಚುರುಕಾದ ಒಬ್ಬ ಹುಡುಗನಿಗೆ ಕೆಂಪು ಹಸಿರು ಬೇರೆ ಕಾಣುತ್ತಿರಲಿಲ್ಲ. ಅವನಿಗೂ ಅವರಪ್ಪನಿಗೂ ಕೂರಿಸಿ ಹೇಳುವುದು ಕಷ್ಟವಾಯಿತು. ಒಂದು ವಾರ ಮಂಕಾಗಿದ್ದ. ಆಮೇಲೆ ವರ್ಕ್‌ಶಾಪ್ ಬಿಟ್ಟು ಹೊರಗೆ ಬರಲಿಲ್ಲ. ಈಗ ಡಿಪ್ಲೊಮಾ ಮೆಕ್ಯಾನಿಕಲ್ ಓದುತ್ತಿದ್ದಾನೆ.

ಕೊರೊನಾದಲ್ಲಿ ಮುಳುಗುವುದರಲ್ಲಿದ್ದೆವು. 2020ರ ಮಾರ್ಚ್‌ನಲ್ಲಿ ಮಕ್ಕಳನ್ನು ಮನೆಗೆ ಕಳಿಸಿದ ಮೇಲೆ ಫೀಸೂ ನಿಂತಿತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಕೊಬ್ಬರಿ ಮಾರಿ ಅಡುಗೆಯವರಿಗೂ ವಾರ್ಡನ್‌ಗೂ ಅರ್ಧ ಸಂಬಳ ಕೊಟ್ಟೆ. ಅವರು ಬಿಟ್ಟು ಹೋಗದೆ ಇದ್ದದ್ದಕ್ಕೇ ಶಾಲೆ ಮತ್ತೆ ತೆರೆಯಿತು. ವಾರ್ಡನ್ ಸಂಬಳದಲ್ಲಿ ಉಳಿತಾಯ ಮಾಡಬೇಡಿ. ಟೀಚರ್‌ಗಿಂತ ಒಂದೆರಡು ಸಾವಿರ ಜಾಸ್ತಿಯೇ ಕೊಡಿ.

ಈಗ ಆರರಿಂದ ಹತ್ತರ ತನಕ ನೂರ ಅರವತ್ತು ಚಿಲ್ಲರೆ ಮಕ್ಕಳಿದ್ದಾರೆ. ಫೀಸು ಊಟ ವಸತಿ ಸೇರಿ ವರ್ಷಕ್ಕೆ ಒಂದು ಲಕ್ಷ ಹತ್ತು ಸಾವಿರ. ಮೆಸ್ ಖರ್ಚು ಒಂದು ಮಗುವಿಗೆ ದಿನಕ್ಕೆ ನೂರ ಇಪ್ಪತ್ತರ ಹತ್ತಿರ, ಮೊಟ್ಟೆ ರಾಗಿಮುದ್ದೆ ಸೇರಿ. ಸೈನಿಕ ಶಾಲೆಯ ಆರನೇ ಕ್ಲಾಸಿನ ಪ್ರವೇಶ ಪರೀಕ್ಷೆಯಲ್ಲಿ ಗಣಿತಕ್ಕೇ ಮುನ್ನೂರರಲ್ಲಿ ನೂರೈವತ್ತು ಅಂಕ ಇರುವುದು ನಿಮಗೆ ಗೊತ್ತು. ಅಲ್ಲಿ ಹೆಂಡತಿಯ ಕೈ ದೊಡ್ಡದು. ಒಂಬತ್ತನೇ ಕ್ಲಾಸಿನ ಸೀಟಿಗೂ ನಮ್ಮವರು ಬರೆಯುತ್ತಾರೆ. ಇಲ್ಲಿಯ ತನಕ ಏಳು ಮಕ್ಕಳು ವಿಜಯಪುರ, ಕೊಡಗು ಸೈನಿಕ ಶಾಲೆಗಳಿಗೆ ಹೋಗಿದ್ದಾರೆ. ಒಳ್ಳೆಯ ಮಕ್ಕಳು ಬಿಟ್ಟು ಹೋದರೆ ನಷ್ಟ ಅಲ್ವಾ ಅಂತ ಕೇಳುತ್ತಾರೆ. ಒಬ್ಬ ಹೋದರೆ ಆ ಊರಿನಿಂದ ನಾಲ್ವರು ಬರುತ್ತಾರೆ.

ಎನ್‌ಸಿಸಿ ಏರ್ ವಿಂಗ್ ಇನ್ನೂ ಸಿಕ್ಕಿಲ್ಲ. ಸ್ವಂತ ಖರ್ಚಿನಲ್ಲಿ ನಡೆಸುವ ಯೋಜನೆಯಲ್ಲಿ ಮೂರು ಸಲ ಅರ್ಜಿ ಹಾಕಿದ್ದೇನೆ, ವೇಟಿಂಗ್ ಲಿಸ್ಟ್ ಅಂತಲೇ ಉತ್ತರ. ಈ ವರ್ಷ ನಾಲ್ಕನೇ ಸಲ ಹಾಕಿದ್ದೇನೆ.

ಹೊಸ ಮಕ್ಕಳು ಮೊದಲ ನಲವತ್ತು ರಾತ್ರಿ ಅಳದೆ ನಿಲ್ಲುವಂತೆ ಮಾಡುವುದು ಹೇಗೆ ಅಂತ ಫೋನ್ ಮಾಡಿ ಕೇಳುವವರೇ ಹೆಚ್ಚು. ಅದು ಬರೆದರೆ ಅರ್ಥವಾಗುವಂಥದ್ದಲ್ಲ. ಜೂನ್ ಮೊದಲ ವಾರ ಬನ್ನಿ, ರಾತ್ರಿ ಎಂಟೂವರೆಯಿಂದ ಒಂಬತ್ತೂವರೆ ತನಕ ಡಾರ್ಮಿಟರಿ ಬಾಗಿಲ ಹತ್ತಿರ ಕೂತು ನೋಡಿ. ಬೆಳಿಗ್ಗೆ ಆರಕ್ಕೆ ಎಫ್‌ಒಡಿ ವಾಕ್ ಇರುತ್ತದೆ, ನೀವೂ ಸಾಲಿನಲ್ಲಿ ನಿಂತುಕೊಳ್ಳಬೇಕಾಗುತ್ತದೆ.