ಒಗ್ಗರಣೆ ಹಾರಿದ ಗೋಡೆ ಮತ್ತು ನಮ್ಮ ಡೆಪಾಸಿಟ್

ಜರ್ಮನಿಯಲ್ಲಿ ಬಾಡಿಗೆ ಮನೆ ಖಾಲಿ ಮಾಡಿದಾಗ ಡೆಪಾಸಿಟ್ ಪೂರ್ತಿ ವಾಪಸ್ ಬಂತು. ಎರಡು ಕಂತಿನಲ್ಲಿ ಬಂತು, ಆದರೆ ಪೂರ್ತಿ ಬಂತು. ಸುಮಾರು 2,700 ಯೂರೋ. ಸ್ಟಟ್‌ಗಾರ್ಟ್‌ನಲ್ಲಿ ನಮಗೆ ಪರಿಚಯ ಇರುವವರೆಲ್ಲ, "ದಿನಾ ಒಗ್ಗರಣೆ ಹಾಕಿದ ಮನೆಗೆ ಪೂರ್ತಿ ದುಡ್ಡು ಬರುತ್ತಾ? ಆಸೆ ಬಿಡಿ" ಅಂದಿದ್ದರು. ನಮ್ಮ ಮನೆಯವರೂ ಅದೇ ಪಾರ್ಟಿ. "ಲೇ, ಪೇಂಟರ್‌ಗೆ ಕೊಟ್ಟು ಕೈತೊಳ್ಕೊಳ್ಳೋಣ, ನಿನ್ನ ಪ್ರಯೋಗ ಬೇಡ" ಅಂತ ಒಂದು ವಾರ ರಾಗ ಎಳೆದರು. ಆಮೇಲೆ ಪೇಂಟರ್ ಬಂದು ನೋಡಿ ಹೇಳಿದ ರೇಟು ಕೇಳಿ ಸುಮ್ಮನಾದರು. ಅಡುಗೆಮನೆ ಒಂದಕ್ಕೇ ನಾನೂರು ಚಿಲ್ಲರೆ, ಇಡೀ ಮನೆಗೆ ಸಾವಿರದ ಮುನ್ನೂರರ ಹತ್ತಿರ. ಎರಡು ರೂಮಿನ ಮನೆಗೆ!

ಮನೆ ಬಿಡುವಾಗ ಬಣ್ಣ ಬಳಿದು ಕೊಡಲೇಬೇಕಾ ಅಂತ ಕೇಳುವವರಿಗೆ ಒಂದು ಮಾತು. ಬಳಿಯದ ಮನೆಯನ್ನು ಕೊಟ್ಟು, ಅದಕ್ಕೆ ತಕ್ಕ ಪರಿಹಾರವನ್ನೂ ಕೊಡದೆ, ಹೋಗುವಾಗ ನೀವೇ ಬಳಿದು ಹೋಗಿ ಅನ್ನುವ ಷರತ್ತು ನಡೆಯಲ್ಲ. ಜರ್ಮನಿಯ ಬಿಜಿಎಚ್, ಅಂದರೆ ಇಂಥ ವ್ಯಾಜ್ಯಗಳಿಗೆ ಅಲ್ಲಿನ ಸುಪ್ರೀಂ ಕೋರ್ಟ್, 2015ರಲ್ಲೇ ಹಾಗಂತ ತೀರ್ಪು ಕೊಟ್ಟಿದೆ. ನಮ್ಮ ಗ್ರಹಚಾರ, ನಾವು ಸೇರಿದಾಗ ಮನೆ ಹಾಲಿನಂಥ ಬಿಳಿ, ಮನೆ ಒಪ್ಪಿಸುವಾಗ ಅದರ ಸ್ಥಿತಿ ಬರೆದಿಡುವ ಪ್ರೋಟೋಕಾಲ್‌ನಲ್ಲೂ ಹಾಗೇ ಬರೆದಿತ್ತು. ಕಾನೂನು ಮಾತಾಡಿ ಪ್ರಯೋಜನ ಇರಲಿಲ್ಲ.

ಸಮಸ್ಯೆ ಇದ್ದದ್ದು ಒಲೆಯ ಹಿಂದಿನ ಗೋಡೆ. ಟೈಲ್ಸ್ ಇದ್ದದ್ದು ಒಂದೂವರೆ ಅಡಿ, ಅದರ ಮೇಲೆ ರೌಫಾಸರ್. ಅದೇ, ಮರದ ಚೂರು ಸೇರಿಸಿದ ಗಂಟುಗಂಟು ವಾಲ್‌ಪೇಪರ್. ಚಿಮಣಿ ಇತ್ತು ಅಂತ ಹೆಸರಿಗೆ, ಆದರೆ ಹೊಗೆ ಹೊರಗೆ ಹೋಗುವ ಕೊಳವೆ ಇಲ್ಲ. ಎಳೆದ ಗಾಳಿಯನ್ನು ಫಿಲ್ಟರ್‌ನಲ್ಲಿ ಸೋಸಿ ಮತ್ತೆ ನಮ್ಮ ಮುಖಕ್ಕೇ ಬಿಡುವ ಜಾತಿ. ಸಾಸಿವೆ ಸಿಡಿಸಿದರೆ ಸಾಕು, ಹಾಲ್‌ನಲ್ಲಿದ್ದ ಸ್ಮೋಕ್ ಅಲಾರಾಂ ಕೂಗುತ್ತಿತ್ತು. ಇವರು ಟವೆಲ್ ಬೀಸುತ್ತಾ ಕೆಳಗೆ ನಿಲ್ಲುತ್ತಿದ್ದರು. ಅದು ನಮ್ಮ ಭಾನುವಾರದ ತಿಂಡಿಯ ಭಾಗವೇ ಆಗಿಹೋಗಿತ್ತು. ಕೆಲವು ವರ್ಷದಲ್ಲಿ ಆ ಗೋಡೆ ಮೇಲೆ ಹಳದಿ ಮೋಡದ ಹಾಗೆ ಜಿಡ್ಡು, ನಡುನಡುವೆ ಅರಿಶಿನದ ಚುಕ್ಕೆ.

ಮೊದಲ ಪ್ರಯತ್ನ ಸ್ಪಂಜು ಮತ್ತು ಅಡುಗೆ ಸೋಡಾ. ನೋಡನೋಡುತ್ತಲೇ ಹಳದಿ ಚುಕ್ಕೆ ಎಲ್ಲ ಕೆಂಪಾದವು. ಅರಿಶಿನಕ್ಕೆ ಸುಣ್ಣ ಬೆರೆಸಿ ಓಕುಳಿ ಮಾಡುವವರ ಮನೆಯಲ್ಲಿ ಹುಟ್ಟಿದವಳು ನಾನು, ಆದರೂ ಗೋಡೆ ಮೇಲೆ ನೋಡಿದಾಗ ಎದೆ ಧಸಕ್ಕೆಂದಿತು. ಸೋಡಾ, ಸೋಪು ಎಲ್ಲ ಸುಣ್ಣದ ಗುಣದವೇ. ಜೋರಾಗಿ ಉಜ್ಜಿದ ಕಡೆ ಪೇಪರ್ ಸಿಪ್ಪೆ ಎದ್ದಿದ್ದು ಬೇರೆ.

ಎರಡನೆಯದು ಎಲ್ಲರೂ ಮಾಡುವುದು. ಮನೆ ರಿಪೇರಿ ಸಾಮಾನು ಮಾರುವ ಬೌಮಾರ್ಕ್ಟ್‌ನಿಂದ ಅಗ್ಗದ ಬಿಳಿ ಬಣ್ಣ, ಹತ್ತು ಲೀಟರ್, ಇಪ್ಪತ್ತು ಯೂರೋ ಆಸುಪಾಸು. ಹತ್ತು ಲೀಟರ್ ಅಂದರೆ ಹದಿನೈದು ಕೇಜಿ ತೂಗುತ್ತೆ. ಕಾರಿಲ್ಲದ ನಾವು ಅದನ್ನು ಟ್ರಾಮ್‌ನಲ್ಲಿ ತಂದೆವು, ಬಕೆಟ್‌ನ ಹಿಡಿ ಇವರ ಬೆರಳಿನಲ್ಲಿ ಎರಡು ದಿನ ಅಚ್ಚಾಗಿತ್ತು. ಬಳಿದಾಗ ಚೆನ್ನಾಗೇ ಕಂಡಿತು. ಒಣಗುತ್ತಾ ಬಂದಂತೆ ಹಳದಿ ಮೋಡ ಅದೇ ಜಾಗಕ್ಕೆ ವಾಪಸ್. ಇನ್ನೊಂದು ಕೋಟ್ ಕೊಟ್ಟೆ. ಬೆಳಗ್ಗೆ ಎದ್ದರೆ ಮತ್ತೆ ಹಾಜರ್. ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರ್ ಬಂದು ನೋಡಿ, ಪೇಪರ್ ಕಿತ್ತು ಹೊಸದು ಅಂಟಿಸಬೇಕು ಅಂತ ತಲೆಯಾಡಿಸಿ ಹೋದ. ಅದಕ್ಕೆ ಇನ್ನೊಂದಿಷ್ಟು ದುಡ್ಡು.

ಮಾಮೂಲಿ ಬಣ್ಣದಲ್ಲಿರುವುದು ನೀರು. ಆ ನೀರೇ ಕೆಳಗಿನ ಕಲೆಯನ್ನು ಮೇಲಕ್ಕೆ ಎಳೆದುಕೊಂಡು ಬರುತ್ತದೆ. ಹತ್ತು ಕೋಟ್ ಕೊಟ್ಟರೂ ಅದೇ ಕಥೆ. ಬೇಕಾದದ್ದು ಇಸೋಲಿಯರ್‌ಫಾರ್ಬೆ, ಕಲೆ ತಡೆಯುವ ಬಣ್ಣ. ಸಿಗರೇಟ್ ಸೇದುವವರ ಮನೆಗೆ ಅಂತ ಮಾರುತ್ತಾರೆ, ಡಬ್ಬದ ಮೇಲೆ ನಿಕೋಟಿನ್, ಮಸಿ, ನೀರಿನ ಕಲೆ ಅಂತೆಲ್ಲ ಬರೆದಿರುತ್ತೆ. ಹುಳಿಪುಡಿ ಅಂತ ಬರೆದಿರಲ್ಲ, ಆದರೆ ನಮಗೂ ಅದೇ ಮದ್ದು. ಎರಡೂವರೆ ಲೀಟರ್ ಡಬ್ಬಕ್ಕೆ ಮೂವತ್ತೈದು ಯೂರೋ ಹತ್ತಿರ ಕೊಟ್ಟ ನೆನಪು. ಇವರಿಗೆ ಬಿಲ್ ತೋರಿಸಲಿಲ್ಲ.

ಅದಕ್ಕಿಂತ ಮೊದಲು ಅರಿಶಿನದ ಕೆಲಸ ಮುಗಿಸಬೇಕು. ಅದು ನೀರಿಗೆ ಜಗ್ಗಲ್ಲ, ಸ್ಪಿರಿಟ್‌ಗೆ ಕರಗುತ್ತೆ. ಒಲೆ ಆರಿಸಿ, ಕಿಟಕಿ ತೆಗೆದು, ಹತ್ತಿಗೆ ಸ್ಪಿರಿಟ್ ಹಾಕಿ ಒತ್ತಿ ತೆಗೆಯಬೇಕು. ಉಜ್ಜಿದರೆ ಹರಡುತ್ತೆ. ಪ್ರತಿ ಸಲ ಹತ್ತಿಯ ಹೊಸ ಬದಿ. ಆಮೇಲೇ ಜಿಡ್ಡಿಗೆ ಸೋಪಿನ ನೀರು, ಅದೂ ಬಟ್ಟೆಯನ್ನು ಚೆನ್ನಾಗಿ ಹಿಂಡಿ. ಈ ಕ್ರಮ ತಿರುವುಮುರುವು ಮಾಡಿದರೆ ಮತ್ತೆ ಓಕುಳಿಯೇ. ಒಂದು ರಾತ್ರಿ ಒಣಗಿಸಿ, ತಡೆ ಬಣ್ಣ ಎರಡು ಕೋಟ್, ನಡುವೆ ಒಂದು ಪೂರ್ತಿ ದಿನ ಬಿಡಬೇಕು. ಆತುರ ಮಾಡಿದ ಒಂದು ಮೂಲೆಯಲ್ಲಿ ಹಳದಿ ಮತ್ತೆ ಇಣುಕಿತು, ಅಲ್ಲಿಗೆ ಮೂರನೇ ಕೋಟ್ ಬೇಕಾಯಿತು. ಕೊನೆಗೆ ಒಳ್ಳೆ ಬಿಳಿ, ಮೂಲೆಯಿಂದ ಮೂಲೆಗೆ ಇಡೀ ಗೋಡೆ. ಕಲೆ ಇದ್ದಷ್ಟು ಜಾಗಕ್ಕೆ ಮಾತ್ರ ಬಳಿದರೆ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ತೇಪೆ ಎದ್ದು ಕಾಣುತ್ತೆ. ಬಿಳಿ ಬಣ್ಣದಲ್ಲಿ ಮಾತ್ರ ಜಿಪುಣತನ ಬೇಡ, ಡಬ್ಬದ ಮೇಲೆ ಡೆಕ್‌ಕ್ರಾಫ್ಟ್ 1 (ಕೆಳಗಿನದನ್ನು ಮುಚ್ಚುವುದರಲ್ಲಿ ಮೊದಲ ದರ್ಜೆ) ಅಂತ ಇರೋದೇ ತಗೊಳ್ಳಿ. ಅಂಚಿಗೆ ಅಂಟಿಸಿದ ಟೇಪನ್ನು ಬಣ್ಣ ಹಸಿ ಇರುವಾಗಲೇ ಕೀಳಬೇಕು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ದೇವರ ಗೂಡಿನ ಮೇಲಿನ ದೀಪದ ಮಸಿಗೆ ಬೇರೆ ಲೆಕ್ಕ. ಒದ್ದೆ ಬಟ್ಟೆ ಮುಟ್ಟಿಸಲೇಬೇಡಿ, ಮಸಿ ಕೆಸರಿನ ಹಾಗೆ ಬಳಿದುಕೊಳ್ಳುತ್ತೆ. ಒಣ ಸ್ಪಂಜಿನಲ್ಲಿ ಮೆಲ್ಲಗೆ ಒತ್ತಿ ತೆಗೆದು, ಮೇಲೆ ಅದೇ ತಡೆ ಬಣ್ಣ.

ಗೂಡು ಬಿಚ್ಚಿದಾಗ ಉಳಿದ ತೂತುಗಳಿಗೆ ಫಿಲ್ಲರ್ ತುಂಬಿದೆ. ತೂತು ಮುಚ್ಚುವುದು ಸುಲಭ, ಮುಚ್ಚಿದ ಜಾಗ ನುಣ್ಣಗೆ ಹೊಳೆಯುತ್ತಾ ಚಾಡಿ ಹೇಳುತ್ತೆ, ಅದು ಕಷ್ಟ. ಅಲ್ಲಿ ರೌಫಾಸರ್‌ನ ಗಂಟು ಹೇಗೆ ತರಿಸಿದೆ ಅನ್ನುವುದನ್ನು ಮಾತ್ರ ಬರೆಯಲ್ಲ. ಉಪ್ಪಿಟ್ಟು ಮಾಡುವವರಿಗೆ ತಾನಾಗಿಯೇ ಹೊಳೆಯಬಹುದು. ಓನರ್ ಆ ಜಾಗದ ಮೇಲೆ ಅಂಗೈ ಸವರಿ ನೋಡಿದರು, ಗೊತ್ತಾಗಲಿಲ್ಲ.

ಮಧ್ಯೆ ಇನ್ನೊಂದು ಪ್ರಯೋಗವೂ ಆಯಿತು. ಅರಿಶಿನಕ್ಕೆ ಬಿಸಿಲು ಆಗಲ್ಲ ಅಂತ ಗೊತ್ತಿತ್ತಲ್ಲ, ಹಳದಿಯಾಗಿದ್ದ ಬಿಳಿ ಕಟಿಂಗ್ ಬೋರ್ಡ್, ಮಿಕ್ಸಿ ಮುಚ್ಚಳ, ಫ್ರಿಜ್ ಟ್ರೇ ಎಲ್ಲ ಬಾಲ್ಕನಿಯಲ್ಲಿ ಸಾಲಾಗಿ ಇಟ್ಟೆ. ಜೂನ್ ತಿಂಗಳು, ರಾತ್ರಿ ಒಂಬತ್ತರವರೆಗೂ ಬೆಳಕು. ನಾಲ್ಕೈದು ದಿನದಲ್ಲಿ ಬೋರ್ಡ್ ಹೊಸದರ ಹಾಗಾಯಿತು. ಫ್ರಿಜ್ ಮನೆ ಜೊತೆಗೆ ಬಂದದ್ದು, ಟ್ರೇ ಹಳದಿಯಾಗಿದ್ದರೆ ಅದಕ್ಕೂ ಕತ್ತರಿ ಬೀಳುತ್ತಿತ್ತು. ಮಿಕ್ಸಿ ಮುಚ್ಚಳ ಮಾತ್ರ ಜಗ್ಗಲಿಲ್ಲ, ಅದರಲ್ಲಿ ಅರಿಶಿನದ ಜೊತೆ ಮೆಣಸಿನಕಾಯಿ ಎಣ್ಣೆಯೂ ಇತ್ತು ಅನ್ನಿಸುತ್ತೆ. ಕೆಳಗಿನ ಮನೆ ಅಜ್ಜಿ ಬಾಲ್ಕನಿ ನೋಡಿ, ಸಾಮಾನು ಮಾರಾಟಕ್ಕಿದೆಯಾ ಅಂತ ಕೇಳಿದರು.

ಅದೇ ವಾರ ಕೇರ್‌ವೋಹೆ ಬೋರ್ಡು ನಮ್ಮ ಬಾಗಿಲಿಗೆ ಬಂದು ನೇತಾಡಿತು. ಸ್ಟಟ್‌ಗಾರ್ಟ್ ಕಡೆ ಇರುವವರಿಗೆ ಗೊತ್ತು, ಮೆಟ್ಟಿಲು ಗುಡಿಸಿ ಒರೆಸುವ ಸರದಿ. ಇವರು ರೋಲರ್ ತೊಳೆಯಲು ಕೆಲ್ಲರ್‌ಗೆ, ಅಂದರೆ ನೆಲಮಾಳಿಗೆಗೆ, ಇಳಿಯುವಾಗ ಮೂರು ಮಹಡಿ ಉದ್ದಕ್ಕೂ ಬಿಳಿ ಹನಿ ಬೀಳಿಸಿಕೊಂಡು ಹೋಗಿದ್ದರು. ರಾತ್ರಿ ಹನ್ನೊಂದಕ್ಕೆ ಇಬ್ಬರೂ ಮೊಣಕಾಲೂರಿ, ಹಳೇ ಎಟಿಎಂ ಕಾರ್ಡಿನಲ್ಲಿ ಒಂದೊಂದೇ ಕೆರೆದೆವು. "ನೋಡಿದ್ಯಾ, ಪೇಂಟರ್ ಆಗಿದ್ದರೆ..." ಅಂತ ಶುರು ಮಾಡಿದರು. "ರೀ, ಸುಮ್ನೆ ಕೆರೀರಿ" ಅಂದೆ.

ಖರ್ಚು ಎಲ್ಲ ಸೇರಿ ನೂರ ಮೂವತ್ತು ಯೂರೋ ಒಳಗೆ. ವ್ಯರ್ಥವಾದ ಅಗ್ಗದ ಬಣ್ಣ, ರೋಲರ್, ಟೇಪು, ಹಾಸುವ ಪ್ಲಾಸ್ಟಿಕ್ ಎಲ್ಲ ಅದರಲ್ಲೇ ಬಂತು. ಎರಡು ವಾರಾಂತ್ಯದ ಕೆಲಸ. ಭಾನುವಾರ ಡ್ರಿಲ್ ಮಾಡೋ ಹಾಗಿಲ್ಲ, ಆದರೆ ರೋಲರ್ ಸದ್ದು ಯಾರಿಗೆ ಕೇಳುತ್ತೆ?

ಕೀ ಕೊಡುವ ದಿನ ಓನರ್ ಟಾರ್ಚ್ ಹಿಡಿದು ಬಂದರು. ಸೀದಾ ಅಡುಗೆಮನೆಗೇ ಹೋದರು, ಯಾರೋ ಹೇಳಿದ್ದರು ಅಂತ ಕಾಣುತ್ತೆ. ಗೋಡೆ ನೋಡಿದರು, ಮೂಸಿ ಕೂಡ ನೋಡಿದರು. ಯಾವ ಪೇಂಟರ್ ಅಂತ ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಇವರು, "ನನ್ನ ಹೆಂಡತಿ" ಅಂದರು, ಏನೋ ಮೊದಲಿಂದಲೂ ನಂಬಿಕೆ ಇದ್ದವರ ಹಾಗೆ! ದೋಷ ಏನೂ ಇಲ್ಲ ಅಂತ ಪ್ರೋಟೋಕಾಲ್‌ನಲ್ಲಿ ಬರೆಸಿ, ಇಬ್ಬರ ಸಹಿ ಬಿದ್ದ ಮೇಲೇ ಕೊನೆಯ ಕೀ ಕೊಟ್ಟೆ. ಬಾಯಿಮಾತಿನಲ್ಲಿ "ಆಲ್ಲೆಸ್ ಗುಟ್", ಎಲ್ಲ ಸರಿ ಇದೆ, ಅಂದದ್ದಕ್ಕೆ ಆಮೇಲೆ ಬೆಲೆ ಇರಲ್ಲ.

ದೊಡ್ಡ ಕಂತು ಕೆಲವು ವಾರದಲ್ಲೇ ಬಂತು. ಹೀಟಿಂಗ್, ನೀರಿನ ವರ್ಷದ ಲೆಕ್ಕ ಬಾಕಿ ಅಂತ ಮುನ್ನೂರು ಯೂರೋ ಹಿಡಿದಿಟ್ಟುಕೊಂಡಿದ್ದರು. ಅದಕ್ಕೆ ತಕರಾರು ಮಾಡಬೇಡಿ, ಲೆಕ್ಕ ಬರುವವರೆಗೆ ಒಂದಿಷ್ಟು ಹಿಡಿದುಕೊಳ್ಳಬಹುದು. ಲೆಕ್ಕ ಬಂದಾಗ ನಮಗೇ ಬರಬೇಕಾದದ್ದು ಅಷ್ಟಿಷ್ಟು ಜಾಸ್ತಿ ಇತ್ತು, ಅದನ್ನೂ ಸೇರಿಸಿ ಹಾಕಿದರು. ಹೊಸ ಮನೆಯಲ್ಲಿ ಒಲೆಯ ಹಿಂದೆ ಎದೆಮಟ್ಟಕ್ಕೆ ಗಾಜು ನಿಲ್ಲಿಸಿದ್ದೇನೆ. ಅರವತ್ತು ಯೂರೋ ಆಯಿತು. ಇವರು ಈ ಸಲ ಬಿಲ್ ಕೇಳಲಿಲ್ಲ.