ನೆವರ್ ಮುಂದೆ ಬಂದರೆ ಹ್ಯಾವ್ ಹಿಂದೆ ಉಳಿಯದು

ಕುಂಬಳೆ ಪೇಟೆಯಲ್ಲಿ ಬದಿಯಡ್ಕದ ಬಸ್ಸಿಗೆ ಕಾದು ನಿಂತವರು ‘ಬಸ್ಸು ಬಂತು’ ಎಂದರೆ ಅದು ಸುದ್ದಿ. ‘ಬಂತು ಬಸ್ಸು!’ ಎಂದರೆ ಅಷ್ಟರಲ್ಲಿ ಚೀಲ ಹೆಗಲೇರಿ, ಕೊಡೆ ಮಡಚಿ ಆಗಿರುತ್ತದೆ. ಪದ ಎರಡೇ, ಜಾಗ ಬದಲಾದದ್ದಕ್ಕೆ ಮಾತಿಗೆ ಒತ್ತು ಬಂತು. ಹತ್ತನೇ ತರಗತಿಯ ಮಕ್ಕಳು ಹೆದರುವ ಇಂಗ್ಲಿಷಿನ ಇನ್ವರ್ಷನ್ ಪಾಠದ, ಅಂದರೆ ಕರ್ತೃ, ಕ್ರಿಯಾಪದಗಳ ಕ್ರಮ ತಿರುಗಿಸುವ ಪಾಠದ, ತಿರುಳೂ ಇದೇ. ಗಡಿನಾಡು ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಅದನ್ನು ಕಲಿಸುವಾಗ ನಾನು ಈ ಬಸ್ಸಿನಿಂದಲೇ ಶುರು ಮಾಡುತ್ತೇನೆ.

ನಮ್ಮ ಮಕ್ಕಳು ಮನೆಯಲ್ಲಿ ತುಳುವೋ ಹವ್ಯಕವೋ, ತರಗತಿಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಮಾತಾಡುತ್ತಾರೆ. ಇವೆಲ್ಲದರಲ್ಲೂ ಕ್ರಿಯಾಪದದ ಮಾಮೂಲಿ ಜಾಗ ವಾಕ್ಯದ ಕೊನೆ. ಕನ್ನಡದಲ್ಲಿ ಒತ್ತು ಬೇಕಾದರೆ ಪದಕ್ಕೆ ‘ಏ’ ಸೇರಿಸಿದರೆ ಸಾಕು: ‘ನೋಡಿಯೇ ಇಲ್ಲ’, ‘ಆಗಲೇ ಹೇಳಿದೆ’. ಇಂಗ್ಲಿಷಿಗೆ ಈ ‘ಏ’ ಇಲ್ಲ. ಅದು ಒತ್ತು ಬೇಕಾದ ಪದವನ್ನೇ ಎತ್ತಿ ವಾಕ್ಯದ ಬಾಗಿಲಲ್ಲಿ ನಿಲ್ಲಿಸುತ್ತದೆ.

ಕಳೆದ ಆಟಿ ತಿಂಗಳಲ್ಲಿ ಮಳೆಯ ಬಗ್ಗೆ ಬರೆಯಲು ಹೇಳಿದ್ದೆ. ಒಬ್ಬಳು ‘ನೆವರ್ ಐ ಹ್ಯಾವ್ ಸೀನ್ ಸಚ್ ರೇನ್’ ಎಂದು ಬರೆದಿದ್ದಳು. ಕೆಂಪು ಗೆರೆ ಎಳೆಯಲು ನನಗೆ ಮನಸ್ಸಾಗಲಿಲ್ಲ. ನೆವರ್ ಮುಂದೆ ಬರಬೇಕೆಂದು ಅವಳ ಕಿವಿಗೆ ಗೊತ್ತಾಗಿತ್ತು. ಇನ್ನೊಂದೇ ಹೆಜ್ಜೆ ಬಾಕಿ ಇತ್ತು.

ಆ ಹೆಜ್ಜೆ ಹೀಗೆ. ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ, ಒಂದೊಂದು ಚೀಟಿಯಲ್ಲಿ ಒಂದೊಂದು ಪದ ಬರೆದು, ಮಾಮೂಲಿ ವಾಕ್ಯವನ್ನು ಮೇಜಿನ ಮೇಲೆ ಜೋಡಿಸಿ: ‘ಐ ಹ್ಯಾವ್ ನೆವರ್ ಸೀನ್ ಸಚ್ ರೇನ್’. ನೆವರ್ ಚೀಟಿಯನ್ನು ಎಲ್ಲಕ್ಕಿಂತ ಮುಂದಿಡಿ. ಈಗ ಉಳಿದದ್ದನ್ನು ಪ್ರಶ್ನೆ ಮಾಡಿ: ‘ಹ್ಯಾವ್ ಐ ಸೀನ್ ಸಚ್ ರೇನ್?’ ಪ್ರಶ್ನೆಯಲ್ಲಿ ಹೆಲ್ಪಿಂಗ್ ವರ್ಬ್ (ಸಹಾಯಕ ಕ್ರಿಯಾಪದ, ಇಲ್ಲಿ ಹ್ಯಾವ್) ಕರ್ತೃವನ್ನು ದಾಟಿ ಮುಂದೆ ಬರುತ್ತದಲ್ಲವೆ? ಅದೇ ಕ್ರಮವನ್ನು ನೆವರ್‌ಗೆ ಜೋಡಿಸಿ, ಪ್ರಶ್ನಾರ್ಥಕ ಚಿಹ್ನೆ ತೆಗೆದು ಪೂರ್ಣವಿರಾಮ ಹಾಕಿ. ‘ನೆವರ್ ಹ್ಯಾವ್ ಐ ಸೀನ್ ಸಚ್ ರೇನ್.’ ಪ್ರಶ್ನೆ ಕೇಳಲು ಬಲ್ಲ ಮಗುವಿಗೆ ಇನ್ವರ್ಷನ್ ಮುಕ್ಕಾಲು ಪಾಲು ಬಂದ ಹಾಗೆಯೇ. ಸೆಲ್ಡಂ, ರೇರ್ಲಿ, ಹಾರ್ಡ್ಲಿ, ನಾಟ್ ಓನ್ಲಿ, ಹೊಟ್ಟೆಯೊಳಗೆ ‘ಇಲ್ಲ’ ಇಟ್ಟುಕೊಂಡ ಇಂಥ ಪದಗಳೆಲ್ಲ ವಾಕ್ಯದ ಮುಂದೆ ಬಂದಾಗ ಇದೇ ದಾರಿ ಹಿಡಿಯುತ್ತವೆ.

ಹೆಲ್ಪಿಂಗ್ ವರ್ಬ್ ಇಲ್ಲದಿದ್ದರೆ? ಪ್ರಶ್ನೆಗೆ ತರುವಂತೆ ಇಲ್ಲಿಗೂ ಡು, ಡಸ್, ಡಿಡ್ ತರಬೇಕು. ‘ಹಿ ಸೆಲ್ಡಂ ಕಮ್ಸ್ ಲೇಟ್’ ಎಂಬುದು ‘ಸೆಲ್ಡಂ ಡಸ್ ಹಿ ಕಮ್ ಲೇಟ್’ ಆಗುತ್ತದೆ. ಕಮ್ಸ್‌ನ ಬಾಲದಲ್ಲಿದ್ದ ಎಸ್ ಡಸ್‌ಗೆ ಹೋಯಿತು, ಕಮ್ ಬರಿಗೈಯಲ್ಲಿ ಉಳಿಯಿತು. ಮಕ್ಕಳು ಎರಡೂ ಕಡೆ ಎಸ್ ಉಳಿಸುತ್ತಾರೆ, ಅದೊಂದನ್ನು ನೋಡಿಕೊಳ್ಳಬೇಕು.

ನನಗೆ ಇಷ್ಟವಾದ ಉದಾಹರಣೆ ನಮ್ಮ ಜಿಲ್ಲೆಯದೇ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಕಾಸರಗೋಡು, ಕಣ್ಣೂರು ಜಿಲ್ಲೆಯಿಂದ ಬೇರೆಯಾಗಿ ತಾನೇ ಒಂದು ಜಿಲ್ಲೆ ಆದದ್ದು 1984ರ ಮೇ 24ರಂದು. ‘ಕಾಸರಗೋಡು ಬಿಕೇಮ್ ಎ ಡಿಸ್ಟ್ರಿಕ್ಟ್ ಇನ್ 1984’ ಎಂದರೆ ಬರೀ ಇಸವಿ ತಿಳಿಯುತ್ತದೆ. ‘ನಾಟ್ ಅಂಟಿಲ್ 1984 ಡಿಡ್ ಕಾಸರಗೋಡು ಬಿಕಮ್ ಎ ಡಿಸ್ಟ್ರಿಕ್ಟ್’ ಎನ್ನಿ, ಕಾದ ಅಷ್ಟೂ ವರ್ಷ ಕಿವಿಗೆ ಬೀಳುತ್ತದೆ.

ಓನ್ಲಿ ಆಫ್ಟರ್ ಬಂದಾಗ ಜಾಣರೂ ಎಡವುತ್ತಾರೆ. ‘ಮಳೆ ಬಿಟ್ಟ ಮೇಲೆಯೇ ಅಡಿಕೆಗೆ ಮದ್ದು ಬಿಟ್ಟರು’ ಎಂಬುದನ್ನು ಇಂಗ್ಲಿಷಿಗೆ ತನ್ನಿ: ‘ಓನ್ಲಿ ಆಫ್ಟರ್ ದಿ ರೇನ್ ಸ್ಟಾಪ್ಡ್ ಡಿಡ್ ದೇ ಸ್ಪ್ರೇ ದಿ ಪಾಮ್ಸ್’. ಮಳೆಯ ಮಾತು ಮೊದಲು ಬಂದರೂ ತಿರುಗುವುದು ಮದ್ದಿನ ಮಾತು. ವಾಕ್ಯದ ಮುಖ್ಯ ಕೆಲಸ ಯಾವುದೆಂದು ಕೇಳಿಕೊಳ್ಳಿ, ಡಿಡ್ ಅಲ್ಲಿಗೆ ಸೇರುತ್ತದೆ. ಓನ್ಲಿ ಕರ್ತೃವಿಗೇ ಅಂಟಿಕೊಂಡಿದ್ದರೆ ಏನನ್ನೂ ತಿರುಗಿಸಬೇಡಿ: ‘ಓನ್ಲಿ ದಿ ಡ್ರೈವರ್ ಕೇಮ್’, ಅಷ್ಟೇ.

ಪರೀಕ್ಷೆಗೆಂದು ಬಾಯಿಪಾಠ ಮಾಡುವ ಜೋಡಿಗಳು ಎರಡು: ‘ನೋ ಸೂನರ್’ ಜೊತೆಗೆ ದ್ಯಾನ್, ‘ಹಾರ್ಡ್ಲಿ’ ಜೊತೆಗೆ ವೆನ್. ‘ನೋ ಸೂನರ್ ಹ್ಯಾಡ್ ವಿ ರೀಚ್ಡ್ ಉಪ್ಪಳ ದ್ಯಾನ್ ದಿ ಬಸ್ ಲೆಫ್ಟ್.’ ಜೋಡಿ ಅದಲುಬದಲಾದರೆ ಅಂಕ ಹೋಗುತ್ತದೆ.

ದಿಕ್ಕು, ಜಾಗ ಹೇಳುವ ಪದ ಮುಂದೆ ಬಂದಾಗ ಮಾತ್ರ ಡು, ಡಿಡ್ ಯಾವುದೂ ಬೇಡ. ಕ್ರಿಯಾಪದ ತಾನೇ ಕರ್ತೃವನ್ನು ದಾಟಬಹುದು. ‘ಡೌನ್ ಕೇಮ್ ದಿ ರೇನ್.’ ‘ಹಿಯರ್ ಕಮ್ಸ್ ದಿ ಬಸ್!’ ನಮ್ಮ ‘ಬಂತು ಬಸ್ಸು’ ಇದೇ. ಬಸ್ ಎನ್ನುವ ಬದಲು ಇಟ್ ಎಂದರೆ ಮಾತ್ರ ಹಳೆಯ ಕ್ರಮವೇ ಉಳಿಯುತ್ತದೆ: ‘ಹಿಯರ್ ಇಟ್ ಕಮ್ಸ್!’

ಹ್ಯಾಡ್ ಮುಂದೆ ತಂದು ಇಫ್ ಬಿಡುವುದೂ ಉಂಟು. ‘ಇಫ್ ಐ ಹ್ಯಾಡ್ ನೋನ್’ ಬದಲು ‘ಹ್ಯಾಡ್ ಐ ನೋನ್’. ಪತ್ರಿಕೆಯ ಇಂಗ್ಲಿಷಿನಲ್ಲಿ, ಭಾಷಣದಲ್ಲಿ ಇದಕ್ಕೆ ಗಾಂಭೀರ್ಯವಿದೆ.

ಆದರೆ ಎಲ್ಲ ವಾಕ್ಯಕ್ಕೂ ಈ ಒತ್ತು ಬೇಡ. ಒಂದು ಪುಟದ ಪ್ರಬಂಧಕ್ಕೆ ಒಂದು, ಹೆಚ್ಚೆಂದರೆ ಎರಡು. ಭಾಷಣ ಸ್ಪರ್ಧೆಗೆ ಹೊರಟ ಹುಡುಗನ ಹಾಳೆಯಲ್ಲಿ ಆರು ಇದ್ದವು. ಅವನೇ ಗಟ್ಟಿಯಾಗಿ ಓದಿ, ನಾಲ್ಕು ಹೊಡೆದುಹಾಕಿದ. ಉಳಿಸಿಕೊಂಡವುಗಳಲ್ಲಿ ಮಂಜೇಶ್ವರದ ಕವಿಯ ಮೇಲಿನದೊಂದು: ‘ನಾಟ್ ಓನ್ಲಿ ಡಿಡ್ ಗೋವಿಂದ ಪೈ ರೈಟ್ ಪೊಯಟ್ರಿ, ಬಟ್ ಹಿ ಆಲ್ಸೋ ಸ್ಟಡೀಡ್ ಹಿಸ್ಟರಿ’. ಬಟ್ ಆದಮೇಲೆ ಹಿ ಆಲ್ಸೋ ಎಂದು ನೇರ ಕ್ರಮಕ್ಕೆ ಬಂದದ್ದನ್ನು ಗಮನಿಸಿ. ತಿರುಗಿದ್ದು ಮೊದಲ ಅರ್ಧ ಮಾತ್ರ.